ಓದುಗರ ಪ್ರಶ್ನೆ: ಗೋಡೆಗಿಂತ ಗಾಜೇ ಹೆಚ್ಚು ಕಾಣುವ ಕಲ್ಲುಮನೆ

ಪ್ರಶ್ನೆ: ಇಂಗ್ಲೆಂಡಿನ ಡರ್ಬಿಷೈರ್‌ನಲ್ಲಿ ಹಾರ್ಡ್‌ವಿಕ್ ಹಾಲ್ ನೋಡಿಬಂದೆವು. ಹೆಸರಿಗೆ ಕಲ್ಲಿನ ಮನೆ, ಕಣ್ಣಿಗೆ ಬೀಳುವುದೆಲ್ಲ ಕಿಟಕಿ. ಕಾಂಕ್ರೀಟ್ ಇಲ್ಲದ ಕಾಲದಲ್ಲಿ ಇದರ ಭಾರ ಹೊತ್ತದ್ದು ಯಾವುದು?

ಉತ್ತರ: ಹೆಚ್ಚಿನ ಗುಟ್ಟು ಒಳಗೋಡೆಗಳಲ್ಲಿದೆ. ಒಲೆಯ ಹೊಗೆಗೂಡುಗಳನ್ನು ಹೊರಗೋಡೆಯಲ್ಲಿಟ್ಟರೆ ಅಷ್ಟು ಜಾಗ ಕಿಟಕಿಗೆ ಸಿಗುವುದಿಲ್ಲ. ಇಲ್ಲಿ ಅವನ್ನು ಒಳಗಿನ ದಪ್ಪ ಗೋಡೆಗಳಿಗೆ ಸೇರಿಸಿ, ಹೊರಮೈಯನ್ನು ಬೆಳಕಿಗೆ ಬಿಟ್ಟುಕೊಟ್ಟಿದ್ದಾರೆ. ನಕ್ಷೆ ರಾಬರ್ಟ್ ಸ್ಮಿತ್ಸನ್‌ನದು ಎಂದೇ ಒಪ್ಪಿಗೆ. ಕಟ್ಟಿಸಿದವಳು ಬೆಸ್ ಎಂದೇ ಹೆಸರಾದ ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್. 1590ರಲ್ಲಿ ಶುರುವಾದ ಕಟ್ಟಡಕ್ಕೆ ಅವಳು 1597ರಲ್ಲಿ ಒಕ್ಕಲು ಬಂದಳು.

ಕಿಟಕಿಯನ್ನೇ ಹತ್ತಿರದಿಂದ ನೋಡಿ. ಮರಳುಗಲ್ಲು ಒತ್ತಡ ತಡೆಯುತ್ತದೆ, ಬಾಗಿಸಿದರೆ ಮುರಿಯುತ್ತದೆ. ಹಾಗಾಗಿ ಅಗಲ ಕಿಟಕಿಯ ಮೇಲೆ ಒಂದೇ ಉದ್ದನೆಯ ಕಲ್ಲು ಹೇರುವಂತಿಲ್ಲ. ನಡುನಡುವೆ ನಿಂತ ಸಣ್ಣ ಕಲ್ಲುಕಂಬಗಳು ಮೇಲಿನ ಕಲ್ಲಿಗೆ ಆಸರೆ. ಅಡ್ಡಪಟ್ಟಿಗಳು ಆ ಕಂಬಗಳು ಓಲಾಡದಂತೆ ಹಿಡಿಯುತ್ತವೆ. ಗಾಜಿನ ಚಿಕ್ಕ ಚಿಕ್ಕ ತುಣುಕುಗಳನ್ನು ಸೀಸದ ಪಟ್ಟಿಯಲ್ಲಿ ಕೂರಿಸಿ, ತಂತಿಯಿಂದ ಕಬ್ಬಿಣದ ಸರಳಿಗೆ ಬಿಗಿಯುತ್ತಾರೆ. ಇಂಥ ಕಿಟಕಿ ಕೆಡಲು ಶುರುವಾಗುವುದು ಸಾಮಾನ್ಯವಾಗಿ ಆ ಸರಳಿನಿಂದ: ತುಕ್ಕು ಹಿಡಿದಾಗ ಉಬ್ಬಿ, ತುದಿ ಕೂತಿರುವ ಕಲ್ಲನ್ನೇ ಸೀಳುತ್ತದೆ.

ಇನ್ನೊಂದು ತಮಾಷೆ, ಅಲ್ಲಿನ ಕಿಟಕಿಗಳೆಲ್ಲ ನಿಜವಲ್ಲ. ಕೆಲವದರ ಹಿಂದೆ ಹೊಗೆಗೂಡಿದೆ, ಬರಿಯ ಗೋಡೆಯಿದೆ. ಎಡಬಲ ಸರಿಸಮ ಕಾಣಲೆಂದು ಮಾಡಿದ ಸೊಗಸಾದ ಮೋಸ!

ಪ್ರಶ್ನೆ: ಮೇಲೆ ಹೋದಂತೆ ಕಿಟಕಿ ಎತ್ತರವಾಗುವುದು ಏಕೆ?

ಉತ್ತರ: ದರ್ಬಾರು ಮೇಲೆ ನಡೆಯುತ್ತಿತ್ತು. ಕೆಳಗೆ ಅಡುಗೆಮನೆ, ಆಳುಕಾಳು. ನಡುವೆ ಮನೆಯವರ ಬಳಕೆಯ ಕೋಣೆಗಳು. ಮೇಲಿನ ಅಂತಸ್ತಿನಲ್ಲಿ ಅತಿಥಿಸತ್ಕಾರದ ದೊಡ್ಡ ಕೋಣೆ, ಸುಮಾರು 50 ಮೀಟರ್ ಉದ್ದದ ಪಡಸಾಲೆ. ಗಾಜು ಆಗ ದುಬಾರಿ, ಅದನ್ನು ಎಲ್ಲಿ ಮೆರೆಸಬೇಕೆಂದು ಬೆಸ್‌ಗೆ ಗೊತ್ತಿತ್ತು. ಗೋಪುರಗಳ ನೆತ್ತಿಯ ಕೈಪಿಡಿಗೋಡೆಯಲ್ಲಿ ಎಲಿಜಬೆತ್ ಶ್ರೂಸ್‌ಬರಿ ಎಂಬ ತನ್ನ ಹೆಸರಿನ ಮೊದಲಕ್ಷರಗಳಾದ ‘ಇ’, ‘ಎಸ್’ಗಳನ್ನೂ ಕಲ್ಲಿನಲ್ಲಿ ಕೊರೆಸಿದಳು.

ಪ್ರಶ್ನೆ: ಇಂಥ ಹಳೆಯ ಮರಳುಗಲ್ಲಿನ ಗೋಡೆಯ ಸಂದಿಗೆ ಸಿಮೆಂಟ್ ತುಂಬಬಾರದು ಎನ್ನುತ್ತಾರಲ್ಲ, ನಿಜವೇ?

ಉತ್ತರ: ನಿಜ. ಕಲ್ಲು ಹೀರಿದ ಮಳೆನೀರು ಸಂದಿನ ಸುಣ್ಣದ ಗಾರೆಯ ಮೂಲಕ ಆವಿಯಾಗಬೇಕು. ಸಿಮೆಂಟ್ ಆ ದಾರಿ ಮುಚ್ಚಿದರೆ ನೀರು ಕಲ್ಲಿನ ಮೈಯಿಂದಲೇ ಹೊರಬರುತ್ತದೆ. ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ, ಮೇಲ್ಪದರ ಚಕ್ಕೆಯೇಳುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಗಟ್ಟಿಯಾಗಿ ಮುಂದೆ ಚಾಚಿ, ಕಲ್ಲು ಹಿಂದಕ್ಕೆ ಸವೆದಿರುತ್ತದೆ.

ದುರಸ್ತಿಗೆ ಹಳೆಯ ಗಾರೆಯನ್ನು ಕೈ ಉಳಿಯಿಂದ ಸಂದಿನ ಅಗಲದ ಎರಡರಷ್ಟು, ಕಡೇಪಕ್ಷ 25 ಮಿಲಿಮೀಟರ್ ಆಳ ತೆಗೆಯಬೇಕು. ಯಂತ್ರದ ಗರಗಸ ಬೇಡ, ಕಲ್ಲಿನ ಅಂಚು ಹೋಗುತ್ತದೆ. ದೂಳು ತೊಳೆದು, ಸಂದಿ ಒದ್ದೆ ಮಾಡಿ, ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಒರಟು ಮರಳು ಬೆರೆಸಿದ ಗಾರೆಯನ್ನು ಒತ್ತಿ ತುಂಬಬೇಕು. ಕಲ್ಲಿನ ಅಂಚು ಸವೆದಿದ್ದರೆ ಅದರ ಮೇಲೆ ಗಾರೆ ಸವರದೆ ತುಸು ಒಳಗೇ ನಿಲ್ಲಿಸಿ. ಬೆರಳೊತ್ತಿದರೆ ತಗ್ಗಾಗದಷ್ಟು ಬಿಗಿದ ಮೇಲೆ ಗಡುಸು ಬ್ರಷ್ಷಿನಿಂದ ತಟ್ಟಿ, ಒದ್ದೆ ಗೋಣಿತಾಟು ಇಳಿಬಿಟ್ಟು ಕೆಲವು ದಿನ ತೇವ ಕಾಯಬೇಕು. ಬೇಗ ಒಣಗಿದ ಸುಣ್ಣ ಪುಡಿಯಾಗುತ್ತದೆ. 5 ಡಿಗ್ರಿಗಿಂತ ಚಳಿಯಿದ್ದರೆ ಆ ದಿನ ಕೆಲಸ ಹಿಡಿಯಲೇಬಾರದು.