ಆಕ್ಸಿಮೀಟರ್‌ನ ಯಾವ ಸಂಖ್ಯೆ ನಂಬಬೇಕು?

ನಿಮ್ಮ ತಾಯಿಗೆ ಕೋವಿಡ್ ಪಾಸಿಟಿವ್, ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಒಮ್ಮೆ 97, ಇನ್ನೊಮ್ಮೆ 91 ತೋರಿಸುತ್ತಿದೆ ಅಂದಿದ್ದೀರಿ. ಗಾಬರಿ ಸಹಜ. ಮೊದಲು ಬೆರಳು ನೋಡಿ. ಉಗುರಿಗೆ ಮೆಹಂದಿ, ನೇಲ್ ಪಾಲಿಶ್ ಇದ್ದರೆ ಅಥವಾ ಕೈ ತಣ್ಣಗಿದ್ದರೆ ಅಳತೆ ತಪ್ಪಬಹುದು. ಅಮ್ಮನನ್ನು ಐದು ನಿಮಿಷ ಸುಮ್ನೆ ಕೂರಿಸಿ. ಕೈ ಉಜ್ಜಿ ಬೆಚ್ಚಗೆ ಮಾಡಿ. ನಡುಬೆರಳನ್ನು ಪೂರ್ತಿ ಒಳಗಿಟ್ಟು, ಅಲ್ಲಾಡಿಸದೆ ಒಂದು ನಿಮಿಷ ಕಾಯಿರಿ. ಹಾಕಿದ ಕೂಡಲೇ ಕಾಣುವ ಸಂಖ್ಯೆ ಬೇಡ, ಒಂದೇ ಕಡೆ ನಿಂತ ಸಂಖ್ಯೆಯನ್ನು ಬರೆದಿಡಿ. ಆಗಲೂ 94ಕ್ಕಿಂತ ಕಡಿಮೆ ಇದ್ದರೆ ಈಗಲೇ ಡಾಕ್ಟರಿಗೆ ಹೇಳಿ. ಕೋವಿಡ್‌ನಲ್ಲಿ ಆಮ್ಲಜನಕ ಇಳಿದರೂ ಕೆಲವರಿಗೆ ಏದುಸಿರೇ ಬರುವುದಿಲ್ಲ. ಅಮ್ಮಂದಿರಂತೂ 'ಆರಾಮಾಗಿದ್ದೀನಿ' ಅಂತಲೇ ಹೇಳುತ್ತಾರೆ, ಅಲ್ವಾ? ಉಸಿರಾಡಲು ಕಷ್ಟವಾದರೆ, ತುಟಿ ನೀಲಿಯಾದರೆ ಸಂಖ್ಯೆ ಎಷ್ಟೇ ಇರಲಿ, 108ಕ್ಕೆ ಫೋನ್ ಮಾಡಿ.