ಸಿನಬಾರ್ ಪತಂಗದ ರೂಪ, ಬದುಕು ಮತ್ತು ನೆಲೆ ಎಂಥದು?

ಯುರೋಪಿನ ಸಿನಬಾರ್ ಪತಂಗಕ್ಕೆ ಆ ಹೆಸರು ಬಂದದ್ದು ಪಾದರಸದ ಕೆಂಪು ಅದಿರಾದ ಇಂಗಲೀಕದ ಬಣ್ಣದಿಂದ. ಬಿಚ್ಚಿದಾಗ ಸುಮಾರು 4 ಸೆಂ.ಮೀ. ಅಗಲವಾಗುವ ಇದರ ಕಪ್ಪುಬೂದು ಮುಂದಿನ ರೆಕ್ಕೆಯ ಮೇಲೆ ಒಂದು ಕೆಂಪು ಗೆರೆ, ಹೊರ ಅಂಚಿನಲ್ಲಿ ಎರಡು ಕೆಂಪು ಚುಕ್ಕೆಗಳಿರುತ್ತವೆ. ಹಿಂದಿನ ರೆಕ್ಕೆ ಕಪ್ಪಂಚಿನ ಕಡುಗೆಂಪು.

ನಿಜಕ್ಕೂ ವಿಸ್ಮಯ ಹುಟ್ಟಿಸುವುದು ಇದರ ಮರಿಹುಳು. ಬೇಸಿಗೆಯಲ್ಲಿ ಹೆಣ್ಣು ಪತಂಗವು ಹಳದಿ ಹೂವಿನ ರ‍್ಯಾಗ್‌ವರ್ಟ್ ಗಿಡದ ಎಲೆಯಡಿ ಗುಂಪಾಗಿ ಇಡುವ ಮೊಟ್ಟೆಗಳಿಂದ ಹೊರಬಂದ ಹುಳುಗಳು, ದನಕುದುರೆಗಳ ಯಕೃತ್ತನ್ನೇ ಕೆಡಿಸುವ ಆ ಗಿಡದ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು, ಹಳದಿ–ಕಪ್ಪು ಪಟ್ಟೆಗಳ ಮೂಲಕ ಹಕ್ಕಿಗಳಿಗೆ ಎಚ್ಚರಿಕೆ ನೀಡುತ್ತವೆ. ಎಲೆ ಮುಗಿದರೆ ಒಂದನ್ನೊಂದು ತಿನ್ನುವುದೂ ಉಂಟು. ಚಳಿಗಾಲವನ್ನು ಕೋಶಾವಸ್ಥೆಯಲ್ಲಿ ನೆಲದಲ್ಲೇ ಕಳೆಯುತ್ತವೆ.

ಹುಲ್ಲುಗಾವಲು, ಕಡಲತೀರದ ಮರಳುದಿಬ್ಬ, ಪಾಳುಭೂಮಿ ಹೀಗೆ ರ‍್ಯಾಗ್‌ವರ್ಟ್ ಬೆಳೆಯುವ ಬಯಲುಗಳೇ ಇದರ ನೆಲೆ. ಈ ಕಳೆಯ ಹತೋಟಿಗೆಂದೇ ಪತಂಗವನ್ನು ನ್ಯೂಜಿಲೆಂಡ್‌ಗೂ ಒಯ್ಯಲಾಗಿದೆ.