ಟಿಕೆಟ್ ಇಲ್ಲದೆ ಹುಬ್ಬಳ್ಳಿ ರೈಲು ಹತ್ತಿದರೆ ದಂಡ ಎಷ್ಟು?

ದಾವಣಗೆರೆ ಸ್ಟೇಷನ್‌ನಲ್ಲಿ ಕ್ಯೂ ಉದ್ದ ಇತ್ತು, ಟಿಕೆಟ್ ತಗೊಳ್ಳದೆ ಹುಬ್ಬಳ್ಳಿ ರೈಲು ಹತ್ತಿದೆ, ಹರಿಹರ ದಾಟಿದ ಮೇಲೆ ಟಿಟಿಇ ಟಿಕೆಟ್ ದುಡ್ಡಿನ ಜೊತೆ 250 ರೂಪಾಯಿ ಹಾಕಿದರು, ಇದು ಸರಿಯೇ ಎಂದು ಕೇಳಿದ್ದೀರಿ. ಸರಿಯಾಗಿಯೇ ಇದೆ. 1989ರ ರೈಲ್ವೆ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಟಿಕೆಟ್ ದರದಷ್ಟು ಅಥವಾ 250 ರೂಪಾಯಿ, ಯಾವುದು ಜಾಸ್ತಿಯೋ ಅದು ದಂಡ. ಟಿಕೆಟ್ ದರ ಬೇರೆ. ಎಲ್ಲಿ ಹತ್ತಿದಿರಿ ಎಂಬುದರ ಬಗ್ಗೆ ಅನುಮಾನ ಬಂದರೆ ರೈಲು ಹೊರಟ ಊರಿಂದಲೇ ಲೆಕ್ಕ ಹಾಕಬಹುದು. ಬೆಂಗಳೂರಿಂದ ಬಂದ ಗಾಡಿಯಾದರೆ ಎಷ್ಟಾಗುತ್ತೆ ನೋಡಿ! ನಿಮಗೆ ದಾವಣಗೆರೆಯಿಂದ ಹಾಕಿದ್ದಾರೆ, ಒಳ್ಳೆಯದೇ ಆಯಿತು.

ಗಾರ್ಡ್ ಹತ್ತಿರ ಹೋಗಿ ಮೊದಲೇ ಹೇಳಿ, ಅನುಮತಿ ಚೀಟಿ ಬರೆಸಿಕೊಂಡು ಹತ್ತಿದ್ದರೆ ಬರೀ ಟಿಕೆಟ್ ದುಡ್ಡು ಕಟ್ಟಿದರೆ ಸಾಕಿತ್ತು, ದಂಡ ಇಲ್ಲ. ಕಾಯ್ದೆಯಲ್ಲೇ ಇರುವ ಈ ಅನುಕೂಲ ತುಂಬಾ ಜನರಿಗೆ ಗೊತ್ತೇ ಇಲ್ಲ, ಅದೇ ಬೇಜಾರು. ಗಾರ್ಡ್ ಡಬ್ಬಿ ರೈಲಿನ ಕೊನೆಯಲ್ಲಿರುತ್ತೆ, ಈಗ ಅವರನ್ನು ಟ್ರೈನ್ ಮ್ಯಾನೇಜರ್ ಅಂತಾರೆ.

ಇನ್ನೊಂದು, ದಂಡ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ. ಅದೇ ನಿಮ್ಮ ಟಿಕೆಟ್. ಮುಂದಿನ ಸಲ ಮನೆಯಿಂದ ಹೊರಡುವಾಗಲೇ ರೈಲ್ವೆಯವರದೇ ಆದ ರೈಲ್‌ಒನ್ ಆ್ಯಪ್‌ನಲ್ಲಿ ಜನರಲ್ ಟಿಕೆಟ್ ತಗೊಂಡುಬಿಡಿ, ಕ್ಯೂ ನಿಲ್ಲೋ ತಾಪತ್ರಯವೇ ಇರಲ್ಲ.